ಯಜಮಾನನ ಬಿಸಿಲು

ಯಜಮಾನನ ಮುಂಗಾಲಿನ ಬೆರಳು ನಡುಗಿದ್ದನ್ನು ಮೊದಲು ಕಂಡವಳು ಅವಳೇ. ಕಂಡೂ ಬಾಯಿ ಬಿಡದೆ ಇದ್ದವಳೂ ಅವಳೇ.

ಯಜಮಾನ ಎಂದರೆ ಮನೆಯ ಹಿರಿಯರಲ್ಲ, ಒಂದು ಓತಿ. ಬೇಲಿಯ ಮೇಲೆ ಕೂತು ತಲೆಯಾಡಿಸುವ ಓತಿಕ್ಯಾತನಿಗೆ ದೂರದ ದಾಯಾದಿ. ಮೊಳದುದ್ದದ ಮೈ, ಮರಳಿನ ಬಣ್ಣ, ಎರಡೂ ಪಕ್ಕೆಗೆ ಮೆತ್ತನೆಯ ಮುಳ್ಳಿನ ಸಾಲು, ಗಂಟಲ ಕೆಳಗೊಂದು ಗಡ್ಡ. ಸಿಟ್ಟು ಬಂದರೆ ಆ ಗಡ್ಡ ಉಬ್ಬಿ ಇದ್ದಿಲಿನ ಹಾಗೆ ಕಪ್ಪಾಗುತ್ತದೆ. ಬಿಯರ್ಡೆಡ್ ಡ್ರ್ಯಾಗನ್ ಅಂತ ಅದರ ಅಂಗಡಿಯ ಹೆಸರು. ಆದರೆ ಗಾಜಿನ ಪೆಟ್ಟಿಗೆಯೊಳಗೆ, ಕಲ್ಲಿನ ಮೇಲೆ ಎದೆ ಎತ್ತಿ, ಕಣ್ಣು ಅರೆಮುಚ್ಚಿ ಕೂತರೆ, ಇಡೀ ಮನೆ ತನ್ನ ದುಡಿಮೆಯಿಂದಲೇ ನಡೆಯುತ್ತಿದೆ ಎನ್ನುವ ಗತ್ತು. ಅದನ್ನು ಬೆರಳುದ್ದದ ಮರಿಯಾಗಿದ್ದಾಗ ತಂದು ಯಜಮಾನ ಎಂದು ಕರೆದವಳು ಗುಬ್ಬಿಯ ತಾಯಿ. ಆ ತಾಯಿ ಈಗಿಲ್ಲ. ಯಜಮಾನ ಇದ್ದಾನೆ.

ಅವಳು ಆ ತಾಯಿಯ ಜಾಗಕ್ಕೆ ಬಂದವಳು; ಹಾಗಂತ ಜನ ಹೇಳುತ್ತಿದ್ದರು. ಅವಳ ಮಟ್ಟಿಗೆ ಆ ಜಾಗ ಎಲ್ಲಿದೆ ಎಂದೇ ಇನ್ನೂ ಗೊತ್ತಾಗಿರಲಿಲ್ಲ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ದೂರದೂರಿನ ಬಸ್ಸು ಓಡಿಸುವ ಗಂಡ, ಅವನ ಹತ್ತು ವರ್ಷದ ಮಗಳು ಗುಬ್ಬಿ, ಮಗಳ ಓತಿ, ಈ ಮೂವರೂ ಅವಳ ಅಪ್ಪನ ಫೋಟೋ ಫ್ರೇಮ್ ಅಂಗಡಿಯ ಮಹಡಿಗೆ ಬಂದು ಸೇರಿದ್ದರು. ಮನೆ ಅಳಿಯ ಬಂದ ಎಂದು ಬೀದಿಯವರು ರೇಗಿಸಿದಾಗ ಗಂಡ, "ನಾನೆಲ್ಲಿ ಅಳಿಯ? ಯಜಮಾನ್ರ ಜೊತೆ ಬಂದಿರೋ ಡ್ರೈವರ್ ನಾನು" ಎಂದು ನಗಿಸಿದ್ದ.

ಗುಬ್ಬಿ ಅವಳನ್ನು ಆಂಟಿ ಎನ್ನುತ್ತಿದ್ದಳು. ಮರ್ಯಾದೆಗೆ ಕೊರತೆಯಿಲ್ಲ. ಊಟ ಬಡಿಸಿದರೆ "ಸಾಕು ಆಂಟಿ", ಜಡೆ ಹಾಕಿದರೆ "ಥ್ಯಾಂಕ್ಸ್ ಆಂಟಿ". ನೆಂಟರ ಮನೆಗೆ ಬಂದ ಮಗು ಹೇಗಿರುತ್ತದೋ ಹಾಗೆ. ಆದರೆ ಶಾಲೆ ಶುರುವಾದಾಗ ಆ ಮಗು ಬೇರೆ ದಾರಿಯಿಲ್ಲದೆ ಯಜಮಾನನ ಮಧ್ಯಾಹ್ನದ ಊಟವನ್ನು ಅವಳ ಕೈಗೆ ಒಪ್ಪಿಸಿತು. ಪೆಟ್ಟಿಗೆಯ ಮುಂದೆ ನಿಲ್ಲಿಸಿಕೊಂಡು, ಮೇಷ್ಟರ ಹಾಗೆ ಪಾಠ ಹೇಳಿತು.

"ಎರಡು ಲೈಟು ಆಂಟಿ. ಮೂಲೇಲಿರೋ ಬಲ್ಬು ಬಿಸಿಗೆ, ಮೇಲಿರೋ ಟ್ಯೂಬು ಬಿಸಿಲಿಗೆ. ಸೊಪ್ಪು ಸಣ್ಣಗೆ ಹೆಚ್ಚಬೇಕು. ಮಿಡತೆ ಅವನ ಕಣ್ಣಿನ ನಡುವಿನ ಜಾಗಕ್ಕಿಂತ ದೊಡ್ಡದಿರಬಾರ್ದು, ಗಂಟಲಿಗೆ ಸಿಕ್ಕೊಳ್ಳುತ್ತೆ. ಆಮೇಲೆ ಈ ಕ್ಯಾಲ್ಸಿಯಂ ಪೌಡರ್. ಮಿಡತೇನ ಕವರಿಗೆ ಹಾಕಿ, ಪೌಡರ್ ಹಾಕಿ, ಹೀಗೆ ಅಲ್ಲಾಡಿಸಬೇಕು."

"ಉಪ್ಪು ಖಾರ ಸವರಿದ ಹಾಗೆ."

ಗುಬ್ಬಿ ನಗಲಿಲ್ಲ. "ಪೌಡರ್ ಮರೀಬಾರ್ದು ಆಂಟಿ. ಮರೆತ್ರೆ ಮೂಳೆ ಮೆತ್ತಗಾಗುತ್ತೆ. ಅಮ್ಮ ಹೇಳಿದ್ದು."

ಅವಳು ಮರೆಯಲಿಲ್ಲ. ಹುಳ ಕಂಡರೆ ಮಂಚ ಹತ್ತುತ್ತಿದ್ದ ಹೆಣ್ಣು, ಕಣ್ಣು ಅರ್ಧ ಮುಚ್ಚಿಕೊಂಡು ಮಿಡತೆಗಳಿಗೆ ಪುಡಿ ಸವರುವುದನ್ನು ಕಲಿತಳು. ಒಂದು ದಿನವೂ ತಪ್ಪಿಸಲಿಲ್ಲ.

ಅವಳ ಅಪ್ಪನಿಗೂ ಗುಬ್ಬಿಗೂ ನಂಟು ಕುದುರಿದ್ದು ಬೇರೆ ರೀತಿ. ಅಂಗಡಿಯ ಬೆಕ್ಕಿಗೆ ಯಜಮಾನನ ಪೆಟ್ಟಿಗೆಯ ಮೇಲೆ ಕಣ್ಣು. ಮುಚ್ಚಳದ ಜಾಲರಿಯ ಮೇಲೆ, ಟ್ಯೂಬಿನ ಪಕ್ಕ, ಬೆಚ್ಚಗೆ ಮಲಗುವುದು ಅದರ ಚಟ. ಒಂದು ದಿನ ಭಾರಕ್ಕೆ ಜಾಲರಿ ಹರಿದು, ಬೆಕ್ಕಿನ ಕಾಲು ಒಳಗೆ ಇಳಿದು, ಯಜಮಾನ ಗಡ್ಡ ಕಪ್ಪು ಮಾಡಿಕೊಂಡು ಮೂಲೆ ಸೇರಿ ಊಟ ಬಿಟ್ಟ. ಗುಬ್ಬಿ ಅತ್ತಳು. ಅಪ್ಪ ಕೆಳಗಿಳಿದು ಹೋದರು. ಸಾಗುವಾನಿ ಪಟ್ಟಿ ಕೊಯ್ದು, ಮೂಲೆಗಳನ್ನು ಕೂದಲೆಳೆಯಷ್ಟೂ ಸಂದು ಕಾಣದಂತೆ ಕೂಡಿಸಿ, ಬದಿಗಳಲ್ಲಿ ಗಾಳಿಗೆ ತೂತು ಕೊರೆದು, ಹೊಸ ಮುಚ್ಚಳ ಮಾಡಿದರು. ನಡುವೆ ಜಾಲರಿಯ ಬದಲು ಗಾಜು. ಅದೂ ಎಂಥ ಗಾಜು! ಎಂದೋ ದೊಡ್ಡ ಕೆಲಸವೊಂದರಲ್ಲಿ ಉಳಿದದ್ದನ್ನು ಬಟ್ಟೆ ಸುತ್ತಿ ಕಪಾಟಿನ ಹಿಂದೆ ಇಟ್ಟಿದ್ದರು. ಮಗಳ ಮದುವೆಯ ಫೋಟೋಗೂ ತೆಗೆದಿರಲಿಲ್ಲ.

ಗುಬ್ಬಿ ಬೆರಳಿಟ್ಟು ನೋಡಿ, "ಗಾಜೇ ಕಾಣಲ್ವಲ್ಲ!" ಎಂದಿತು. ಟ್ಯೂಬನ್ನು ಅದರ ಮೇಲೆ ಮಲಗಿಸಿ ಹಚ್ಚಿದಾಗ ಬೆಳಕು ಹಾಲಿನ ಹಾಗೆ ಒಳಗೆ ಸುರಿಯಿತು. "ಥ್ಯಾಂಕ್ಸ್ ಫ್ರೇಮ್ ತಾತ." ತಾತ ಎಂಬ ಮಾತು ಬಂದದ್ದು ಅಂದೇ. ಅಪ್ಪ ಆ ಸಂಜೆ ಅಂಗಡಿ ಮುಚ್ಚುವುದನ್ನೇ ಮರೆತು ಕೂತಿದ್ದರು.

ಇದೆಲ್ಲ ಕಳೆದು ಒಂದಷ್ಟು ತಿಂಗಳಾದ ಮೇಲೆ ಆ ಬೆರಳು ನಡುಗಿದ್ದು.

ಸಣ್ಣ ನಡುಕ. ವೀಣೆಯ ತಂತಿ ಮೀಟಿಬಿಟ್ಟ ಮೇಲೆ ಉಳಿಯುವಂಥದ್ದು. ನೋಡುತ್ತಿದ್ದಂತೆ ನಿಂತಿತು. ಯಜಮಾನ ಸೊಪ್ಪು ಮುಟ್ಟಲಿಲ್ಲ. ಮಿಡತೆ ಮೂಗಿನ ಮುಂದೆ ಹಾದು ಹೋದರೂ ನಾಲಿಗೆ ಚಾಚಲಿಲ್ಲ. ಹೇಳಿಬಿಡಬೇಕು ಎಂದುಕೊಂಡಳು. ಸಂಜೆ ಗುಬ್ಬಿ ಮೆಟ್ಟಿಲು ಹತ್ತಿ ಬಂದದ್ದೇ "ತಿಂದ್ನಾ ಆಂಟಿ?" ಎಂದು ಕೇಳಿದಾಗ ಅವಳ ಬಾಯಿಂದ ಬಂದದ್ದು, "ಸ್ವಲ್ಪ ತಿಂದ." ಮಗುವಿನ ಮುಖ ಅರಳಿದ್ದು ನೋಡಿ, ನಾಳೆ ಸರಿಹೋಗಬಹುದು ಅಂದುಕೊಂಡಳು. ನಮ್ಮ ಅರ್ಧ ಸುಳ್ಳುಗಳು ಹುಟ್ಟುವುದೇ ಹೀಗೆ, ಇನ್ನೊಬ್ಬರ ಮುಖ ನೋಡಿ.

ಮರುದಿನ ಬೆಳಿಗ್ಗೆ ಯಜಮಾನ ಕಲ್ಲಿನಿಂದ ಜಾರಿ ಬಿದ್ದ. ಬಿದ್ದವನು ಏಳಲಿಲ್ಲ. ಹಿಂಗಾಲುಗಳು ತನ್ನವಲ್ಲವೆಂಬಂತೆ ಹಿಂದೆ ಬಿದ್ದಿದ್ದವು. ಗುಬ್ಬಿ ಅವನನ್ನು ಎರಡೂ ಕೈಯಲ್ಲಿ ಎತ್ತಿಕೊಂಡಾಗ ನಾಲ್ಕೂ ಪಾದದ ಬೆರಳುಗಳು ನಡುಗಲು ಶುರುವಾದವು.

"ನಿನ್ನೆ ಸರಿಯಾಗಿದ್ನಾ ಆಂಟಿ?"

"ಬೆರಳು... ಸ್ವಲ್ಪ ಅಲ್ಲಾಡಿದ ಹಾಗಿತ್ತು."

"ನೋಡಿದ್ರಾ? ನೋಡಿ ಹೇಳ್ಲಿಲ್ವಾ?"

ಅವಳು ಟವೆಲ್ ಹುಡುಕಿದಳು, ಚಪ್ಪಲಿ ಹುಡುಕಿದಳು, ಬೀಗ ಹುಡುಕಿದಳು. ಮಗುವಿನ ಕಣ್ಣೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ನೋಡಿದಳು.

ಪ್ರಾಣಿಗಳ ಆಸ್ಪತ್ರೆಯಲ್ಲಿ ಸಾಲು ಉದ್ದವಿತ್ತು. ಮುಂದೆ ಕೂತಿದ್ದವನ ಪಕ್ಕ ಕರುವಿನ ಗಾತ್ರದ ನಾಯಿ. ಗುಬ್ಬಿಯ ಮಡಿಲಿನ ಟವೆಲಿನಿಂದ ಹೊರಗೆ ಇಣುಕಿದ್ದ ಮುಳ್ಳಿನ ತಲೆಯನ್ನು ಅವನು ನೋಡಿದ. ನಾಯಿಯ ಮುಖವನ್ನು ಗೋಡೆಯ ಕಡೆ ತಿರುಗಿಸಿ, ತನ್ನ ಮೈಯನ್ನು ಅಡ್ಡ ಇಟ್ಟು ಕೂತ. ಅವನ ಸರದಿ ಬಂದಾಗ, "ನಮ್ದು ಬರೀ ಉಗುರು ಕತ್ತರಿಸೋದು ಕಣಮ್ಮ, ಕಾಯುತ್ತೆ. ನೀವು ಹೋಗಿ" ಎಂದ. ಆ ಬೆಳಗಿನಲ್ಲಿ ಅವಳಿಗೆ ಉಸಿರಾಡಲು ಸಿಕ್ಕ ಜಾಗ ಅದೊಂದೇ.

ಡಾಕ್ಟರು ನಡುವಯಸ್ಸಿನ ಹೆಂಗಸು. ಯಜಮಾನನನ್ನು ತಣ್ಣನೆಯ ಮೇಜಿನ ಮೇಲೆ ಇಡಲು ಬಿಡಲಿಲ್ಲ. ಒಂದು ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿಸಿ, ಮೇಲೆ ಬಟ್ಟೆ ಹಾಸಿ ಮಲಗಿಸಿದರು. "ನಾನು ಹೆಚ್ಚು ನೋಡೋದು ನಾಯಿ, ಬೆಕ್ಕು. ಇವರನ್ನ ಅಪರೂಪ. ನನ್ನ ಕ್ಲಾಸ್‌ಮೇಟ್ ಒಬ್ಬರನ್ನ ಕೇಳಿಕೊಂಡೇ ಔಷಧಿ ಕೊಡ್ತೀನಿ, ಆಯ್ತಾ?" ಎಂದು ಮಗುವಿನ ಅಪ್ಪಣೆ ಕೇಳಿದರು. ಫೋನಾಯಿತು, ಎಕ್ಸ್‌ರೇ ಆಯಿತು. ಬೆರಳ ತುದಿಯಿಂದ ಯಜಮಾನನ ದವಡೆ ಒತ್ತಿ ನೋಡಿ, ಅವರು ಹುಬ್ಬು ಗಂಟಿಕ್ಕಿದರು. ಒತ್ತಿದ ಕಡೆ ದವಡೆ ರಬ್ಬರಿನ ಹಾಗೆ ಬಾಗುತ್ತಿತ್ತು.

"ಮೂಳೆ ಸವೆದಿದೆ. ಎಕ್ಸ್‌ರೇಲಿ ನೆರಳಿನ ಹಾಗೆ ಕಾಣ್ತಿದೆ ನೋಡಿ. ಮೈಗೆ ಕ್ಯಾಲ್ಸಿಯಂ ಸಾಲ್ದೆ ಮೂಳೆಯಿಂದ ಎಳ್ಕೊಂಡಿದೆ. ಲೈಟ್ ಇದೆಯಾ ಪುಟ್ಟಾ, ಬಿಸಿಲಿನ ಹಾಗೆ ಕಿರಣ ಬಿಡೋ ಯುವಿ ಲೈಟು?"

"ಇದೆ. ಹೊಸಾದು. ಅಪ್ಪ ತಂದ್ಕೊಟ್ರು. ಇಡೀ ದಿನ ಉರಿಯುತ್ತೆ, ಅವನ ತಲೆ ಮೇಲೇ ಇದೆ, ಇಷ್ಟು ಹತ್ತಿರ."

"ಗುಡ್. ಹಂಗಿದ್ರೆ ಪೌಡರ್? ಊಟದ ಮೇಲೆ ಹಾಕೋದು?"

ಗುಬ್ಬಿ ತಿರುಗಿ ಅವಳನ್ನು ನೋಡಿತು. ಡಾಕ್ಟರೂ ನೋಡಿದರು. ಬಿಸಿನೀರು ತಂದಿದ್ದ ಆಯಾ ಕೂಡ ನೋಡಿದಳು.

"ಹಾಕ್ತಿದ್ದೆ" ಎಂದಳು. "ದಿನಾ ಹಾಕ್ತಿದ್ದೆ." ನಿಜವೇ ಆದರೂ ಆ ಮಾತು ಅವಳ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು.

"ಇರಲಿ, ಬೇಜಾರು ಮಾಡ್ಕೋಬೇಡಿ" ಎಂದರು ಡಾಕ್ಟರು, ಮೆಲ್ಲಗೆ. ಅವರು ಮೆಲ್ಲಗೆ ಹೇಳಿದ್ದೇ ಹೆಚ್ಚು ಚುಚ್ಚಿತು. "ಇಂಜೆಕ್ಷನ್ ಕೊಟ್ಟಿದ್ದೀನಿ. ಈ ಔಷಧಿ ಹನಿ ಹನಿಯಾಗಿ ಬಾಯಿ ಅಂಚಿಗೆ ಬಿಡಿ. ಬೆಚ್ಚಗಿರಲಿ. ಆದ್ರೆ ಒಂದು ಮಾತು. ಯಾಕೆ ಹೀಗಾಯ್ತು ಅಂತ ಗೊತ್ತಾಗದೆ ಇದ್ರೆ, ನಾವು ಒಂದು ಕಡೆ ತುಂಬ್ತಾ ಇರ್ತೀವಿ, ಇನ್ನೊಂದು ಕಡೆ ಸೋರ್ತಾ ಇರುತ್ತೆ. ಫಿಟ್ಸ್ ಬಂದ್ರೆ ಕಷ್ಟ. ಅದಕ್ಕೆ ಮೊದಲು ಕಾರಣ ಹುಡುಕಿ."

ಗಂಡನಿಗೆ ಫೋನ್ ಮಾಡಿದಾಗ ಬಸ್ಸು ಎಲ್ಲೋ ಊಟಕ್ಕೆ ನಿಂತಿತ್ತು. ಹಿಂದೆ ತಟ್ಟೆ ಲೋಟಗಳ ಸದ್ದು. "ಏನು, ನಮ್ಮ ಯಜಮಾನ್ರಿಗೆ ಬಿ.ಪಿ.ನಾ?" ಎಂದು ಶುರು ಮಾಡಿದವನು ವಿಷಯ ಕೇಳಿ ಆ ಸದ್ದಿನಿಂದಾಚೆ ಬಂದ. "ನೋಡು... ಅದು ಅವರಮ್ಮ ತಂದದ್ದು. ಅದಕ್ಕೇನಾದ್ರೂ ಆದ್ರೆ ಗುಬ್ಬಿ..." ಅಲ್ಲಿಗೆ ನಿಲ್ಲಿಸಿ, "ನೀನು ಪೌಡರ್ ಹಾಕ್ತಿದ್ದೆ ಅಂತ ನಂಗೊತ್ತು" ಎಂದ. ಕೇಳದೆಯೇ ಹೇಳಿದ್ದು ಅವನ ಒಳ್ಳೆಯತನ. ಆದರೆ ಗೊತ್ತಿರುವುದಕ್ಕೂ ನೋಡಿರುವುದಕ್ಕೂ ವ್ಯತ್ಯಾಸವಿದೆ. ನೋಡಿದವನು ಯಜಮಾನ ಒಬ್ಬನೇ. ಓತಿಕ್ಯಾತನಿಗೆ ಬೇಲಿ ಸಾಕ್ಷಿ ಅಂತ ಗಾದೆ. ಅವಳ ಪಾಲಿಗೆ ಓತಿಯೇ ಸಾಕ್ಷಿ, ಅದಕ್ಕೆ ಬಾಯಿಲ್ಲ.

ಮರುದಿನ ಮಧ್ಯಾಹ್ನ ಪೌಡರಿನ ಡಬ್ಬಿ ಕೈಗೆತ್ತಿಕೊಂಡಾಗ ಅದರ ಮೈಮೇಲೆ ಪೆನ್ನಿನಲ್ಲಿ ಎಳೆದ ಒಂದು ಗೀಟು ಕಂಡಿತು. ಒಳಗಿನ ಪುಡಿ ಎಲ್ಲಿಯವರೆಗೆ ಇದೆಯೋ ಸರಿಯಾಗಿ ಅಲ್ಲಿಗೆ. ಅದರ ಮರುದಿನ, ಕೂದಲೆಳೆ ಕೆಳಗೆ, ಇನ್ನೊಂದು. ಗುಬ್ಬಿ ಪ್ರತಿದಿನ ಶಾಲೆಗೆ ಹೋಗುವ ಮುಂಚೆ ಅಳೆಯುತ್ತಿತ್ತು.

ಸಿಟ್ಟು ಬಂತು. ಕಣ್ಣಲ್ಲಿ ನೀರೂ ಬಂತು. ಆಮೇಲೆ, ತಾನೇ ಆ ಮಗುವಾಗಿದ್ದರೆ ಮನೆಯಲ್ಲಿ ಅಮ್ಮನದೆಂದು ಉಳಿದ ಒಂದೇ ಜೀವವನ್ನು ಕಾಯಲು ಇನ್ನೇನು ಮಾಡುತ್ತಿದ್ದೆ ಎಂದುಕೊಂಡಳು. ಗೀಟಿನ ಬಗ್ಗೆ ಯಾರಿಗೂ ಹೇಳಲಿಲ್ಲ. ಯಜಮಾನನ ಓರೆಯಾಗುತ್ತಿದ್ದ ಬಾಯಿಯ ಅಂಚಿಗೆ ಔಷಧಿಯ ಹನಿ ಬಿಟ್ಟಳು. ಅರ್ಧ ಹೊರಗೆ ಸೋರಿತು. ಅವನು ದಿನೇ ದಿನೇ ಹಗುರಾಗುತ್ತಿದ್ದ. ಎತ್ತಿಕೊಂಡರೆ ಖಾಲಿ ಕವರು ಎತ್ತಿದ ಹಾಗೆ. ಹೊಸ ಟ್ಯೂಬು ಮಾತ್ರ ತಲೆಯ ಮೇಲೆ ಹಗಲೆಲ್ಲ ಥಳಥಳ ಉರಿಯುತ್ತಿತ್ತು.

ಅಂದು ಅಂಗಡಿಯಲ್ಲಿ ಅಪ್ಪ ಹಿಂದಿನ ಕೋಣೆಯಲ್ಲಿ ಪಟ್ಟಿ ಕೊಯ್ಯುತ್ತಿದ್ದರು. ಅವಳು ಮುಂದಿನ ಮೇಜಿನಲ್ಲಿ ಚಿತ್ರದ ಸುತ್ತ ಕೂರಿಸುವ ಮೌಂಟಿನ ರಟ್ಟು ಕತ್ತರಿಸುತ್ತಿದ್ದಳು. ಬೀದಿಯ ತುದಿಯ ಬೇಕರಿಯವರು ಒಂದು ಸುರುಳಿ ಹಿಡಿದು ಬಂದರು. ಅಂಗಿಯ ತೋಳಿನ ಮೇಲೆ ಇನ್ನೂ ಹಿಟ್ಟಿತ್ತು.

"ಫ್ರೇಮಮ್ಮಾ, ಒಂದು ಕಲಾಕೃತಿ ತಂದಿದ್ದೀನಿ. ನಗಬೇಡಿ."

ಬಿಚ್ಚಿದರೆ ಅವರ ಕಿರಿಮಗಳು ಬಣ್ಣದಲ್ಲಿ ಬರೆದ ಚಿತ್ರ. ಬೇಕರಿಯ ಒಲೆ, ಒಲೆಯ ಮುಂದೆ ಒಲೆಗಿಂತ ದೊಡ್ಡ ಹೊಟ್ಟೆಯ ಮನುಷ್ಯ.

"ಹೊಟ್ಟೆ ಮಾತ್ರ ಕರೆಕ್ಟಾಗಿ ಬಂದಿದೆ" ಎಂದು ಹಿಂದಿನಿಂದ ಅಪ್ಪ ಕೂಗಿದರು.

"ನಿಮ್ಮ ಕಣ್ಣಿಗೆ ಅದೇ ಬೀಳುತ್ತೆ ಬಿಡಿ ಫ್ರೇಮಪ್ಪ. ಅಲ್ಲಮ್ಮಾ, ಇದನ್ನ ಗಲ್ಲಾಪೆಟ್ಟಿಗೆ ಎದುರು ಹಾಕ್ಬೇಕು ಅಂತ. ಅಲ್ಲಿ ಬೆಳಿಗ್ಗೆಯೆಲ್ಲ ಬಿಸಿಲು. ಬಣ್ಣ ಹೋಗಿಬಿಟ್ರೆ ಮಗಳು ನನ್ನ ಸುಮ್ನೆ ಬಿಡ್ತಾಳಾ?"

ಅವಳಿಗೆ ಇದು ಬಾಯಿಪಾಠ. ಬುದ್ಧಿ ಬಂದಾಗಿನಿಂದ ಅಪ್ಪ ಹೇಳುವುದನ್ನು ಕೇಳಿ, ಆಮೇಲೆ ತಾನೇ ಸಾವಿರ ಸಲ ಹೇಳಿದ ಮಾತು. ಕತ್ತರಿಸುವ ಅಲಗಿನಿಂದ ಕಣ್ಣೆತ್ತದೆ ಹೇಳಿದಳು. "ಬಣ್ಣ ಕಾಯೋ ಗಾಜು ಅಂತ ಬರುತ್ತೆ, ಅದನ್ನ ಹಾಕಿಸಿಬಿಡಿ. ನೋಡೋದಕ್ಕೆ ಗಾಜೇ ಇಲ್ಲದ ಹಾಗಿರುತ್ತೆ. ಬೆಳಕು ಪೂರ್ತಿ ಒಳಗೆ ಬರುತ್ತೆ. ಬಿಸಿಲಲ್ಲಿರೋ ಆ ಕಚ್ಚೋ ಕಿರಣ ಇರುತ್ತಲ್ಲ, ಅದು ಮಾತ್ರ ಹೊರಗೇ..."

ಅಲಗು ನಿಂತಿತು.

"ಹೊರಗೇ?" ಎಂದರು ಬೇಕರಿಯವರು.

ಗಾಜೇ ಕಾಣಲ್ವಲ್ಲ ಎಂದಿತ್ತು ಮಗು. ಬಟ್ಟೆ ಸುತ್ತಿ ಕಪಾಟಿನ ಹಿಂದೆ ಇಟ್ಟಿದ್ದ ಗಾಜು. ಅಂಗಡಿಯಲ್ಲೇ ಅತ್ಯುತ್ತಮವಾದದ್ದು. ಬಿಸಿಲಿನ ಟ್ಯೂಬಿಗೂ ಯಜಮಾನನಿಗೂ ನಡುವೆ ಅಪ್ಪ ಪ್ರೀತಿಯಿಂದ ಕೂರಿಸಿದ ಗಾಜು.

"ಹೊರಗೇ ಉಳಿಯುತ್ತೆ" ಎಂದಳು. ದನಿ ತನ್ನದಲ್ಲವೆನಿಸಿತು. "ಒಂದು ನಿಮಿಷ... ನಾನು ಮೇಲೆ..."

"ಹೋಗಮ್ಮ, ಹೋಗು. ಒಲೆ ಮೇಲೆ ಏನಾದ್ರೂ ಇಟ್ಟು ಬಂದಿದ್ದೀಯೇನೋ. ನಾನು ಕೂತಿರ್ತೀನಿ." ಅವರು ಚಿತ್ರವನ್ನು ಸುತ್ತಿ ಪಕ್ಕಕ್ಕಿಟ್ಟು, ಅವಳು ಬೀಳಿಸಿದ್ದ ಅಲಗನ್ನು ಬಗ್ಗಿ ಎತ್ತಿಟ್ಟರು.

ಮೆಟ್ಟಿಲು ಹತ್ತುವಷ್ಟರಲ್ಲಿ ಅವಳ ತಲೆಯಲ್ಲಿ ಎರಡು ದಾರಿ ತೆರೆದುಕೊಂಡಿದ್ದವು. ಅಪ್ಪನಿಗೆ ಹೇಳುವುದು ಒಂದು. ಅಂಗಡಿ ಮುಚ್ಚುವುದನ್ನೇ ಮರೆತು ಕೂತಿದ್ದ ಅಪ್ಪನಿಗೆ, ನಿನ್ನ ಮುಚ್ಚಳವೇ ಅದರ ಮೂಳೆ ತಿಂದಿತು ಎಂದು ಹೇಳುವುದು ಹೇಗೆ? ಗುಬ್ಬಿ ಇನ್ನು ಅವರನ್ನು ತಾತ ಎಂದೀತೇ? ಇನ್ನೊಂದು ದಾರಿ ಸುಲಭ. ಗಾಜು ಸದ್ದಿಲ್ಲದೆ ತೆಗೆದು ಜಾಲರಿ ಹಾಕಿಬಿಡುವುದು. ಒಡೆಯಿತು ಎಂದರಾಯಿತು. ಯಜಮಾನ ಉಳಿದರೆ ಔಷಧಿಯಿಂದ ಉಳಿದ. ಪೌಡರಿನ ಅಪವಾದ ಹೇಗೂ ತನ್ನ ಹೆಸರಿನಲ್ಲಿದೆ, ಅಲ್ಲೇ ಇರಲಿ. ಹೇಗೂ ತಾನು ಆಂಟಿ, ತಾತನಷ್ಟು ಎತ್ತರದಿಂದ ಬೀಳಬೇಕಾಗಿಲ್ಲ.

ಟ್ಯೂಬು ಆರಿಸಿ ಪಕ್ಕಕ್ಕಿಟ್ಟಳು. ಸ್ಕ್ರೂಗಳನ್ನು ಅಪ್ಪ ಎಷ್ಟು ಬಿಗಿಯಾಗಿ ಕೂರಿಸಿದ್ದರೆಂದರೆ ಮೊದಲನೆಯದು ಬಿಚ್ಚುವಷ್ಟರಲ್ಲೇ ಅಂಗೈ ಕೆಂಪಾಯಿತು. ಕೆಳಗೆ ಯಜಮಾನ ಕಣ್ಣು ಮುಚ್ಚಿ ಮಲಗಿದ್ದ. ಪಕ್ಕೆ ಏಳುವುದು ಇಳಿಯುವುದು ಕಾಣಲು ಬಾಗಿ ನೋಡಬೇಕಿತ್ತು.

ಕೊನೆಯ ಸ್ಕ್ರೂ ತಿರುಗಿಸುತ್ತಿದ್ದಾಗ ಹಿಂದೆ ಶಾಲೆಯ ಚೀಲ ಧೊಪ್ಪೆಂದು ಬಿತ್ತು.

"ಏನ್ಮಾಡ್ತಿದ್ದೀರಾ?"

"ಬಂದ್ಯಾ... ಗಾಜು ಬಿರುಕು ಬಿಟ್ಟಿತ್ತು ಗುಬ್ಬಿ. ಅದಕ್ಕೇ..."

"ಎಲ್ಲಿ? ತೋರ್ಸಿ."

ಅವಳ ಕೈಯಲ್ಲಿದ್ದ ಗಾಜು ಕಿಟಕಿಯ ಬೆಳಕಿಗೆ ನೀರಿನ ಹಾಗೆ ಹೊಳೆಯುತ್ತಿತ್ತು. ಒಂದು ಗೀರೂ ಇರಲಿಲ್ಲ.

"ಬಿರುಕೇ ಇಲ್ಲ. ತಾತ ಮಾಡಿದ್ದನ್ನ ಯಾಕೆ ಕೀಳ್ತಿದ್ದೀರಾ? ಆವತ್ತು ಅವನ ಬೆರಳು ನೋಡಿನೂ ಹೇಳ್ಲಿಲ್ಲ. ಇವತ್ತೂ ಸುಳ್ಳು. ನೀವು ಪೌಡರ್ ಹಾಕ್ತಿದ್ರೋ ಇಲ್ವೋ, ನಿಜ ಹೇಳಿ ಆಂಟಿ. ನಿಜ ಹೇಳಿ!"

ಕೂಗಿ ಮುಗಿಸಿದ ಮಗು ಪೆಟ್ಟಿಗೆಗೆ ಅಡ್ಡ ನಿಂತಿತು. ಅವಳು ಗಾಜು ಹಿಡಿದು ನಿಂತೇ ಇದ್ದಳು. ನಿಜ ಹೇಳಿದರೆ ಅಪ್ಪನ ಹೆಸರು ಹೇಳಬೇಕಿತ್ತು.

"ಅವಳನ್ನ ಕೇಳಬೇಡ ಮಗಾ."

ಅಪ್ಪ ಬಾಗಿಲಲ್ಲಿದ್ದರು. ಮೆಟ್ಟಿಲು ಹತ್ತಿದ ಏದುಸಿರು. ಅಂಗಿಯ ತುಂಬ ಮರದ ಪುಡಿ. "ಬೇಕರಿಯವರು ಹೇಳಿದ್ರು. ಬಣ್ಣ ಕಾಯೋ ಗಾಜಿನ ಮಾತಾಡ್ತಾ ಆಡ್ತಾ ದೆವ್ವ ಕಂಡ ಹಾಗೆ ಎದ್ದು ಓಡಿದಳು ಅಂತ. ನಂಗೆ ಹೊಳೆಯೋಕೆ ಅಷ್ಟು ಸಾಕಾಯ್ತು." ಮಗಳ ಕೈಯಿಂದ ಗಾಜು ತೆಗೆದುಕೊಂಡು ಕಿಟಕಿಗೆ ಓರೆಯಾಗಿ ಹಿಡಿದರು. ಅಂಚಿನಲ್ಲಿ ನೇರಳೆಯ ಒಂದು ಛಾಯೆ ಮಿಂಚಿ ಹೋಯಿತು. ಅವರು ನೆಲದ ಮೇಲೆ, ಪೆಟ್ಟಿಗೆಯ ಪಕ್ಕ, ನಿಧಾನವಾಗಿ ಕೂತರು.

"ಗುಬ್ಬೀ, ಈ ಗಾಜು ಬೆಳಕು ಬಿಡುತ್ತೆ, ಬಿಸಿಲಿನ ಕಚ್ಚು ಬಿಡಲ್ಲ. ಚಿತ್ರಗಳ ಬಣ್ಣ ಹೋಗಬಾರ್ದು ಅಂತ ಹಂಗೆ ಮಾಡಿರ್ತಾರೆ. ನಿನ್ನ ಟ್ಯೂಬು ಮೇಲೆ ಉರೀತಾ ಇತ್ತು. ಇವನಿಗೆ ಬೇಕಾದ್ದು ಇಲ್ಲೇ, ಈ ಗಾಜಲ್ಲೇ ನಿಂತುಹೋಗ್ತಾ ಇತ್ತು. ಪೌಡರ್ ಎಷ್ಟು ಹಾಕಿದ್ರೂ ಬಿಸಿಲಿಲ್ಲದೆ ಮೈಗೆ ಹತ್ತಲ್ಲ, ಅಲ್ವಾ? ನೀನೇ ಹೇಳಿದ್ದೆ ನಂಗೆ. ತಪ್ಪು ನಂದು."

"ನಿಮಗೆ ಗೊತ್ತಿರಲಿಲ್ವಾ?"

"ಚಿತ್ರಕ್ಕೆ ಆ ಬಿಸಿಲು ಬೇಡ ಅಂತ ಗೊತ್ತಿತ್ತು. ಇವನಿಗೆ ಬೇಕು ಅಂತ ನೀನು ಹೇಳಿದ್ದೆ. ಎರಡೂ ಒಂದೇ ಬಿಸಿಲು ಅಂತ ಈ ಮುದಿ ತಲೆಗೆ ಹೊಳೀಲಿಲ್ಲ ಕಣೇ."

ಗುಬ್ಬಿ ತಾತನನ್ನು ನೋಡಿತು. ಆಮೇಲೆ ಅವಳನ್ನು. ಮುಖದಲ್ಲಿ ಏನೇನೋ ಬಂದು ಹೋಯಿತು. ಕೊನೆಗೆ ಉಳಿದದ್ದು ಅವಸರ.

"ಟೆರೇಸಲ್ಲಿ ಈಗ ಬಿಸಿಲಿದೆಯಾ ಆಂಟಿ?"

ಇತ್ತು, ಇನ್ನು ಸ್ವಲ್ಪವೇ ಇತ್ತು. ಎದುರಿನ ಕಟ್ಟಡದ ನೆರಳು ಆಗಲೇ ಟೆರೇಸಿನ ಅರ್ಧಕ್ಕೆ ಬಂದಿತ್ತು. ಗುಬ್ಬಿ ಯಜಮಾನನನ್ನು ಎದೆಗವಚಿಕೊಂಡು ಮೆಟ್ಟಿಲು ಓಡಿತು. ಅವಳು ಟವೆಲು ಹಿಡಿದು ಹಿಂದೆ. ಅಪ್ಪ ಬೆಕ್ಕನ್ನು ಕಂಕುಳಲ್ಲಿ ಅವುಚಿಕೊಂಡು ಅವರ ಹಿಂದೆ. ಉಳಿದ ಬಿಸಿಲಿನ ಪಟ್ಟಿಯಲ್ಲಿ ಟವೆಲು ಹಾಸಿದರು. ಯಜಮಾನ ಹಾಕಿದ ಹಾಗೆ ಬಿದ್ದುಕೊಂಡ. ನೆರಳು ಹತ್ತಿರ ಬಂದಂತೆ ಅವಳು ಟವೆಲಿನ ತುದಿ ಹಿಡಿದು ಒಂದು ಗೇಣು ಹಿಂದೆ ಎಳೆದಳು. ಮತ್ತೆ ಒಂದು ಗೇಣು. ಆ ಕಡೆಯ ತುದಿಯನ್ನು ಗುಬ್ಬಿ ಹಿಡಿಯಿತು. ಇಬ್ಬರೂ ನೆರಳಿನಿಂದ ಅವನನ್ನು ಎಳೆದೆಳೆದು ಉಳಿಸುತ್ತ ಗೋಡೆಯವರೆಗೂ ಹೋದರು. ಗೋಡೆಯಾಚೆ ಜಾಗವಿರಲಿಲ್ಲ.

ಬಿಸಿಲು ಟವೆಲಿನಿಂದ ಇಳಿಯುವ ಮುನ್ನ ಯಜಮಾನ ಒಂದು ಕಣ್ಣು ತೆರೆದ. ಅಷ್ಟೇ. ನೋಡಿದ, ಮುಚ್ಚಿದ.

"ಅವನು ಹೋಗ್ಬಿಡ್ತಾನಾ ಆಂಟಿ?"

ಈ ಸಲ ಅವಳು ಮುಖ ನೋಡಿ ಮಾತು ತಿರುಗಿಸಲಿಲ್ಲ. "ಗೊತ್ತಿಲ್ಲ ಗುಬ್ಬಿ. ಹೋಗಲೂಬಹುದು. ನಾಳೆ ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ಮತ್ತೆ ತರೋಣ."

ಗುಬ್ಬಿ ತಲೆಯಾಡಿಸಿತು. ನಿಜ ಹೇಳಿದ್ದಕ್ಕೆ ಕೋಪ ಬಂದಂತೆ ಕಾಣಲಿಲ್ಲ.

ಕೆಳಗೆ ಬೇಕರಿಯವರು ಇನ್ನೂ ಕಾದಿದ್ದರು. ಬಂದ ಇಬ್ಬರು ಗಿರಾಕಿಗಳನ್ನು ಕೂರಿಸಿ, ಅವರಿಗೆ ತಮ್ಮ ಹೊಟ್ಟೆಯ ಚಿತ್ರ ತೋರಿಸುತ್ತಿದ್ದರು.

ಆಮೇಲಿನ ದಿನಗಳು ಹಗ್ಗದ ಮೇಲೆ ನಡೆದ ಹಾಗೆ. ಅಪ್ಪ ದಪ್ಪ ತಂತಿಯ ಜಾಲರಿ ತಂದು, ಬೆಕ್ಕೇನು, ಬೇಕರಿಯವರೇ ಕೂತರೂ ಹರಿಯದಂಥ ಮುಚ್ಚಳ ಮಾಡಿದರು. ಡಾಕ್ಟರು ಫೋನಿನಲ್ಲಿ ಎಲ್ಲ ಕೇಳಿ, "ಗಾಜಾ! ನಾನೂ ಕೇಳ್ಬೇಕಿತ್ತು" ಎಂದು ತಾವೇ ಪೇಚಾಡಿಕೊಂಡು, "ನೇರ ಬಿಸಿಲು ಕೊಡಿ, ಪಕ್ಕದಲ್ಲೇ ನೆರಳೂ ಇರಲಿ, ಸುಡಬಾರದು" ಎಂದರು. ಒಂದು ದಿನ ಮೈ ಬೆಚ್ಚಗಾಗಿ ತಲೆ ಎತ್ತಿದವನು ಮರುದಿನ ಮತ್ತೆ ಟವೆಲಿಗೆ ಅಂಟಿಕೊಳ್ಳುತ್ತಿದ್ದ. ಒಂದು ಬೆಳಿಗ್ಗೆ ಫಿಟ್ಸ್ ಬಂತು. ಕತ್ತು ಹಿಂದಕ್ಕೆ ಸೆಟೆದು ನಿಂತಾಗ ಗುಬ್ಬಿ ಚೀರಲಿಲ್ಲ. ಅವಳ ಮೊಣಕೈಯನ್ನು ಹಿಡಿದುಕೊಂಡಿತು, ಉಗುರು ಊರುವಷ್ಟು ಗಟ್ಟಿಯಾಗಿ. ಸೆಡೆತ ಬಿಟ್ಟ ಮೇಲೂ ಆ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಅಪ್ಪ ಮಹಡಿಗೆ ಬರುವುದನ್ನು ಕಡಿಮೆ ಮಾಡಿದ್ದರು. ಬಂದರೂ ಬಾಗಿಲಲ್ಲೇ ನಿಂತು, "ಹೇಗಿದ್ದಾರೆ?" ಎಂದು ಬಹುವಚನದಲ್ಲಿ ಕೇಳಿ ಇಳಿದುಹೋಗುತ್ತಿದ್ದರು. ಒಂದು ಸಂಜೆ ಗುಬ್ಬಿಯೇ ಕೆಳಗಿಳಿದು, ಕಪಾಟಿನ ಪಕ್ಕ ಗೋಡೆಗೆ ಒರಗಿಸಿದ್ದ ಆ ಗಾಜಿನ ಮುಂದೆ ನಿಂತಿತು.

"ಇದನ್ನ ಏನ್ಮಾಡ್ತೀರಾ ಫ್ರೇಮ್ ತಾತ?"

"ಕಣ್ಮುಂದೆ ಇರೋದು ಬೇಡ. ಯಾರಿಗಾದ್ರೂ ಕೊಟ್ಬಿಡ್ತೀನಿ."

ಗುಬ್ಬಿ ಗಣಿತದ ಪುಸ್ತಕದೊಳಗಿನಿಂದ ಒಂದು ಫೋಟೋ ತೆಗೆಯಿತು. ಮೂಲೆ ಮಡಚಿತ್ತು, ಬಣ್ಣ ಮಾಸಿತ್ತು. ನಗುತ್ತಿರುವ ಒಬ್ಬಳು ಹೆಂಗಸು. ಅವಳ ಭುಜದ ಮೇಲೆ ಬೆರಳುದ್ದದ ಯಜಮಾನ, ಆಗಲೇ ಗತ್ತಿನಲ್ಲಿ. "ಇದಕ್ಕೆ ಬಿಸಿಲು ಬೇಡ ಅಲ್ವಾ?" ಎಂದಿತು.

ಅಪ್ಪ ಮುಖ ಒರೆಸಿಕೊಳ್ಳಲು ಹಿಂದಿನ ಕೋಣೆಗೆ ಹೋದರು. ಮೌಂಟು ಅವಳೇ ಕತ್ತರಿಸಬೇಕಾಯಿತು. "ಯಾವ ಬಣ್ಣ ಹಾಕೋಣ?" ಎಂದಾಗ ಗುಬ್ಬಿ, "ನೀವೇ ಹೇಳಿ. ನಿಮಗೇ ಅಲ್ವಾ ಗೊತ್ತಾಗೋದು" ಎಂದಿತು. ಆ ಹೆಂಗಸಿನ ಮುಖದ ಸುತ್ತ ಅಷ್ಟು ಎಚ್ಚರದಿಂದ ಅವಳು ಎಂದೂ ಅಲಗು ಓಡಿಸಿರಲಿಲ್ಲ.

ಯಜಮಾನನ ಬಾಯಿ ಓರೆಯಾಗಿಯೇ ಉಳಿಯಿತು. ಬಲ ಹಿಂಗಾಲು ಇನ್ನು ನೆಟ್ಟಗಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಕುಂಟುತ್ತಾನೆ, ಆದರೆ ಕಲ್ಲು ಹತ್ತುತ್ತಾನೆ.

ಹತ್ತಿದ ಮೊದಲ ದಿನ ಮನೆಯಲ್ಲಿ ಅವಳೊಬ್ಬಳೇ ಇದ್ದಳು. ಮಧ್ಯಾಹ್ನ ಮಿಡತೆಗಳನ್ನು ಕವರಿಗೆ ಹಾಕಿ, ಪೌಡರಿನ ಡಬ್ಬಿ ತೆಗೆದಳು. ಕೈಗೆ ಏನೋ ನುಣುಪು ಹತ್ತಿದಂತಾಗಿ ತಿರುಗಿಸಿ ನೋಡಿದಳು. ಗೀಟುಗಳಿರಲಿಲ್ಲ. ಮೂಗಿಗೆ ಹಿಡಿದರೆ ಕೆಳಗಿನ ಅಂಗಡಿಯ, ಬಣ್ಣ ತೆಗೆಯುವ ಥಿನ್ನರಿನ ವಾಸನೆ. ಯಾರೋ ಬಟ್ಟೆಗೆ ಅದ್ದಿ, ಒಂದೊಂದನ್ನೂ ಉಜ್ಜಿ ಉಜ್ಜಿ ಅಳಿಸಿದ್ದರು. ಅಳಿಸುವ ಭರದಲ್ಲಿ ಡಬ್ಬಿಯ ಮೇಲಿನ ಹೆಸರಿನ ಅರ್ಧವೂ ಹೋಗಿತ್ತು.

ಡಬ್ಬಿ ಹಿಡಿದು ಅವಳು ನಿಂತೇ ಇದ್ದಳು. ಎಷ್ಟು ಹೊತ್ತು ನಿಂತಳೋ, ಪೆಟ್ಟಿಗೆಯಿಂದ ಚರಚರ ಸದ್ದು ಬಂತು. ಕಲ್ಲಿನ ಮೇಲೆ ಯಜಮಾನ ಎದೆ ಎತ್ತಿದ್ದ. ಓರೆ ಬಾಯಿ ಅರ್ಧ ತೆರೆದಿತ್ತು. ಗಡ್ಡ ನಿಧಾನವಾಗಿ ಉಬ್ಬಿ, ಬುಡದಿಂದ ಕಪ್ಪೇರುತ್ತಿತ್ತು.

"ಬಂದೆ, ಬಂದೆ" ಎಂದಳು ಅವಳು, ಕ್ಯಾಲ್ಸಿಯಂ ಪುಡಿಯ ಕೈಯಲ್ಲೇ ಕಣ್ಣೊರೆಸಿಕೊಳ್ಳುತ್ತ. "ಊಟ ಒಂದು ಗಳಿಗೆ ತಡವಾದ್ರೆ ಏನು ಸಿಟ್ಟು ಇವರಿಗೆ."